ಒಂದು ಚಾಕೂಗೆ ಐದು ಹಿಡಿಕಿ

ಹಿಡಿಕಿ ಹಾಕೋ ದಂಧೇದಾಗ ದಿನಾ ಒಂದರ ಇಂಥಾದು ನಡದ ನಡೀತೈತಿ. ನಡೀಲಿಲ್ಲಂದ್ರ ಅವತ್ತು ಶುಕ್ರವಾರ, ಅಂಗಡಿ ಬಂದ್ ಅಂತ ತಿಳೀರಿ.

ಬೆಟಗೇರಿಯೊಳಗ ನನ್ನ ಅಂಗಡಿ ಅಂದ್ರ ಒಂದು ತಗಡಿನ ಚಪ್ಪರ, ಕಟಿಗಿ ತಿರುವೋ ಒಂದು ಮಶೀನು, ಮುಂದ ಒಂದು ಹಲಗಿ, ಹಿಂದ ನಮ್ಮ ಮನಿ. ಚಾಕೂ, ಕುಡಗೋಲು ಏನ ಇರ್ಲಿ, ಅಲಗು ಮಾಡಾಂವ ಕಮ್ಮಾರ, ಹಿಡಿಕಿ ಹಾಕಾಂವ ನಾನು. ನಮ್ಮ ಅಬ್ಬಾ ಹೇಳ್ತಿದ್ರು, "ಅಲಗು ಕಾಯಿಪಲ್ಲೆ ಕೊಯ್ತೈತಿ, ಹಿಡಿಕಿ ಮನಶ್ಯಾನ್ನ ಕಾಯ್ತೈತಿ" ಅಂತ. ಮಂದಿಗೆ ಅದೇನು ತಿಳೀತೈತ್ರಿ? ಅಲಗು ನೋಡಿ ಹೊಗಳ್ತಾರ, ಹಿಡಿಕಿನ್ನ ಅಂಗೈಯಾಗ ಗುಳ್ಳಿ ಎದ್ದಾಗ ಮಾತ್ರ ನೆನೀತಾರ, ಅದೂ ಬೈಯಾಕ.

ನಾ ಸ್ವಲ್ಪ ಸಿಟ್ಟಿನ ಮನಶ್ಯಾ. ಸುಳ್ಳ್ಯಾಕ ಹೇಳ್ಲಿ? ಆದ್ರ ಇಪ್ಪತ್ತೈದು ವರ್ಷ ಮಂದಿ ಕೈ ನೋಡಿ ನೋಡಿ, ಬಾಯಿ ತಕ್ಕೊಂಡು ಕುಂದ್ರೂದು ರೂಢಿ ಆಗೇತಿ. ಎಪ್ಪಾ, ಏನೇನು ಕೈ ಅದಾವ್ರೀ ಈ ಭೂಮಿ ಮ್ಯಾಲ!

ಕೈಯಿಂದ ಕೈಗೆ ಬ್ಯಾಡ

ನಮ್ಮ ಕಡೆ ಚಾಕೂ ಕೈಯಿಂದ ಕೈಗೆ ಕೊಡಂಗಿಲ್ಲ. ಕೊಟ್ರ ಇಬ್ಬರಿಗೂ ಜಗಳ ಆಕ್ಕೈತಿ ಅಂತ ನಂಬಿಕಿ. ಕೊಡಾವ್ರು ಕೆಳಗ ಇಡಬೇಕು, ತಗೊಳ್ಳಾವ್ರು ಎತ್ಕೋಬೇಕು. ನನ್ನ ಮುಂದಿನ ಹಲಗಿ ಅದಕ್ಕ ಇರೂದು.

ಈ ಪದ್ಧತಿ ಯಾರು ಮಾಡಿದ್ರೋ ಏನೋ, ನನಗಂತೂ ಅದ ಅಳತಿ ಪಟ್ಟಿ ಆಗೇತಿ. ಯಾಕಂದ್ರ ಗಿರಾಕಿ ಹಲಗಿ ಮ್ಯಾಲಿನ ಚಾಕೂ ಎತ್ತೂದ್ರಾಗ ನನಗ ಅವರ ಕೈಯಿನ ಖಬರೆಲ್ಲಾ ತಿಳೀತೈತಿ. ಕಾಯಿಪಲ್ಲೆ ಮಾರೋ ಹೆಣ್ಮಗಳು ಎರಡು ಬೆರಳಾಗ ಅಲಗಿನ ಬುಡ ಚಿವುಟಿ ಎತ್ತತಾಳ. ಆಕಿಗೆ ಹಿಡಿಕಿ ಮುಂದ ತೆಳ್ಳಗ ಇರಬೇಕು. ಹೊಲದಾಂವ ಮುಷ್ಟಿ ಕಟ್ಟಿ ಎತ್ತತಾನ. ಅವನ ಕುಡಗೋಲಿಗೆ ಹಿಡಿಕಿ ಹಿಂದಿನ ತುದಿ ಉಬ್ಬಿರಬೇಕು, ಇಲ್ಲಂದ್ರ ಬೀಸಿದ ಹೊಡತಕ್ಕ ಕುಡಗೋಲು ಬಾಜೂ ಹೊಲಕ್ಕ ಹೋಗಿ ಕೊಯ್ಯಾಕ ಹತ್ತತೈತಿ.

ಒಂದಿನ ನಾಗಾವಿ ಕಡೆಯಿಂದ ಒಬ್ಬರು ಮಾಸ್ತರು ಬಂದ್ರು. ಹಿಡಿಕಿ ಹಾಕಿ ಚಾಕೂ ಹಲಗಿ ಮ್ಯಾಲ ಇಡಾಕ ಹೋದೆ.

"ಇವೆಲ್ಲಾ ಮೂಢನಂಬಿಕಿ, ಮಿಸ್ತ್ರಿ. ತಾ ಇಲ್ಲೆ" ಅಂದವ್ರ ನನ್ನ ಕೈಯಾಗಿಂದ ಸೀದಾ ಕಸಗೊಂಡ್ರು. ತಿರುವ್ಯಾಡಿ ನೋಡಿ, "ಛಲೋ ಸಾಗವಾನಿ ಐತಿ" ಅಂದ್ರು.

"ಸಾಗವಾನಿ ಅಲ್ರೀ ಸರ, ಜಾಲಿ" ಅಂದೆ.

"ನನಗ ಹೇಳ್ತಿ ಏನು? ನಾ ಬಿಎಸ್ಸಿ ಓದೀನಿ."

"ನೀವು ಓದೀರಿ, ನಾ ಆ ಗಿಡಾನ ಕಡದೀನ್ರಿ."

ಅಷ್ಟ ಆತು ನೋಡ್ರಿ. ಸಾಗವಾನಿ, ಜಾಲಿ, ಸಾಗವಾನಿ, ಜಾಲಿ ಅಂತ ಅರ್ಧಾ ತಾಸು ಹಾರ್ಯಾಡಿದ್ವಿ. ಓಣ್ಯಾಗ ಮಗ್ಗ ನಿಂತವು, ನೇಕಾರ ಮಂದಿ ಹೊರಗ ಬಂದು ನಿಂತ್ರು. ನಾಕು ಮಂದಿ ನನ್ನ ಕಡೆ ಆದ್ರು, ಮೂರು ಮಂದಿ ಮಾಸ್ತರ ಕಡೆ ಆದ್ರು. ಕಡೀಕ ಮಾಸ್ತರು ಸಿಟ್ಟಿಲೆ ಗಾಡಿ ಹತ್ತಿ ಹೋದ್ರು.

ಎಂಟು ದಿನದ ಮ್ಯಾಲ ಇನ್ನೊಂದು ಚಾಕೂಗೆ ಹಿಡಿಕಿ ಹಾಕಸಾಕ ಮತ್ತ ಬಂದ್ರು. ನಾ ಬೇಕಂತ ಕೈ ಮುಂದ ಮಾಡಿ ಕೊಡಾಕ ಹೋದ್ರ, ಎರಡು ಹೆಜ್ಜಿ ಹಿಂದ ಸರದು, "ಕೆಳಗಿಡು, ಕೆಳಗಿಡು" ಅಂದ್ರು.

"ಯಾಕ್ರೀ ಸರ? ಮೂಢನಂಬಿಕಿ ಅಂದಿದ್ರಲ್ಲ?"

"ಇದು ಮೂಢನಂಬಿಕಿ ಅಲ್ಲಪಾ" ಅಂದ್ರು, "ಮುಂಜಾಗ್ರತಿ."

ಹಾರಿದ ಚಾಕೂ

ಲಕ್ಷ್ಮೇಶ್ವರದ ಅಕ್ಕಾರು ಬಂದದ್ದು ಇಂಥಾದ ಒಂದು ಮಧ್ಯಾಹ್ನ. ಅರವತ್ತು ದಾಟಿದ ಹೆಣ್ಮಗಳು. ಮದುವಿ ಅಡಗಿಗೆ ಕಾಯಿಪಲ್ಲೆ ಹೆಚ್ಚೋ ಹೆಣ್ಮಕ್ಕಳ ಗುಂಪಿಗೆ ಅವರ ಹಿರೇಮನಶ್ಯಾಳು. ಮೊದಲ ಈಳಗಿ ಮ್ಯಾಲ ಕುಂತು ಹೆಚ್ಚತಿದ್ರಂತ. ಮೊಣಕಾಲು ಮಾತು ಕೇಳದಂಗ ಆದ ಮ್ಯಾಲ ಮೇಜಿನ ಮುಂದ ನಿಂತು ಚಾಕೂಲೆ ಹೆಚ್ಚಾಕತ್ತಾರ. ಈಗ ಬೆರಳೂ ಮಾತು ಕೇಳವಲ್ಲವು.

"ಎತ್ರಿ ನೋಡೂಣು" ಅಂತ ಹಲಗಿ ಮ್ಯಾಲ ಒಂದು ಚಾಕೂ ಇಟ್ಟೆ. ಎತ್ತಿದ್ರು. ಹೆಬ್ಬೆರಳು, ಅದರ ಬಾಜೂದವು ಎರಡು, ಮೂರೂ ಸೆಟದು ನಿಂತಿದ್ವು. ಕಿರಿಬೆರಳು, ಅದರ ಮಗ್ಗಲದ್ದು, ಇವೆರಡ ಬಗ್ಗಿ ಚಾಕೂನ ಅಂಗೈಗೆ ಒತ್ತಿ ಹಿಡದಿದ್ವು.

"ಡಾಕ್ಟರು ಏನು ಹೇಳಿದ್ರು, ಅಕ್ಕಾರ?"

"ವಯಸ್ಸಾಗೇತಿ ಅಂದ್ರು. ಅದು ನನಗೂ ಗೊತ್ತಿತ್ತು."

ಸುದ್ದಿ ಏನಂದ್ರ, ಮುಂದಿನ ತಿಂಗಳು ಮುಂಡರಗಿಯೊಳಗ ಒಂದು ದೊಡ್ಡ ಮದುವಿ ಇತ್ತು. ಅಡಗಿ ಕಂತ್ರಾಟದಾಂವ ಹೇಳಿಬಿಟ್ಟಿದ್ದ, ಚಾಕೂ ಕೈಯಾಗ ನಿಂತ್ರ ಅಕ್ಕಾರು ಉಳ್ಳಾಗಡ್ಡಿ ಮೇಜಿಗೆ, ಜಾರಿದ್ರ ಬಳ್ಳೊಳ್ಳಿ ಸುಲಿಯಾಕ. ಅವನ ತಪ್ಪೂ ಅಲ್ಲ ಬಿಡ್ರಿ, ಜಾರಿದ ಚಾಕೂ ಯಾರರ ಕಾಲಿಗೆ ಬಿದ್ರ ಏನ ಗತಿ? ಆದ್ರ ಮದುವಿ ಅಡಗಿ ಮನ್ಯಾಗ ಬಳ್ಳೊಳ್ಳಿ ಸುಲಿಯಾಕ ಕುಂದ್ರಸೂದಂದ್ರ ರಿಟೈರ್ ಮಾಡಿದಂಗ. ಪಿಂಚಣಿ ಮಾತ್ರ ಇರಂಗಿಲ್ಲ.

"ಮೂವತ್ತು ವರ್ಷ, ನೀ ಇದನ್ನ ಹೆಚ್ಚು, ನೀ ಅದನ್ನ ಹೆಚ್ಚು ಅಂತ ಎಲ್ಲಾರ್ಗೂ ಹೇಳಿದಾಕಿ ನಾನು, ಮಿಸ್ತ್ರಿ" ಅಂದ್ರು. "ಈಗ ಮೂಲ್ಯಾಗ ಕುಂತು ಬಳ್ಳೊಳ್ಳಿ ಸುಲೀಬೇಕೇನು?" ಕಣ್ಣಾಗ ನೀರು ತಂದ್ರು.

"ಅಕ್ಕಾರ, ಈ ಮಿಸ್ತ್ರಿ ಇರೂತನಾ ನೀವು ಬಳ್ಳೊಳ್ಳಿ ಮುಟ್ಟಂಗಿಲ್ಲ!" ಅಂತ ಎದಿ ತಟ್ಟಿ ಹೇಳಿಬಿಟ್ಟೆ. ನನ್ನ ಬಾಯಿಗೆ ಮೊದಲಿಂದನೂ ಹದ್ದುಬಸ್ತಿಲ್ಲ.

ಮನ್ಯಾಗ ಇದ್ದ ಹಳೇ ಸಾಗವಾನಿ ತುಂಡು ತಗದೆ. ತಿರುವಿ, ತಿಕ್ಕಿ, ಪಾಲಿಶ್ ಹೊಡದು ಕನ್ನಡಿಯಂಗ ಮಾಡಿದೆ. ಅದರಾಗ ನನ್ನ ಮೀಸಿ ಕಾಣತಿತ್ತು. ಅಕ್ಕಾರು ಖುಷಿಲೆ ಒಯ್ದ್ರು. ಅದ ವಾರ ಲಕ್ಷ್ಮೇಶ್ವರದಾಗ ಒಂದು ನಿಶ್ಚಯದ ಊಟ ಇತ್ತು.

ಎಂಟು ದಿನಕ್ಕ ತಿರುಗಿ ಬಂದ್ರು. ಚಾಕೂ ಹಲಗಿ ಮ್ಯಾಲ ಇಟ್ರು.

"ಏನಾತ್ರೀ ಅಕ್ಕಾರ?"

"ಹಿಡಿಕಿ ಭಾಳ ನುಣ್ಣಗ ಮಾಡಿದಿ, ಮಿಸ್ತ್ರಿ. ನನ್ನ ಕೈ ಹಸಿ, ಅದರ ಮ್ಯಾಲ ಎಣ್ಣಿ. ಒಮ್ಮೆ ಒತ್ತಿದೆ ನೋಡು, ಜಿಗದು ಹೋಗಿ ಎದುರಿಗಿದ್ದ ಕುಂಬಳಕಾಯಾಗ ನಟ್ಟು ನಿಂತಿತು."

"ಕಂತ್ರಾಟದಾಂವ ನೋಡಿದನೇನ್ರೀ?"

"ನೋಡಿದ. ಕುಂಬಳಕಾಯಾಗಿಂದ ಚಾಕೂ ಕಿತ್ತು ತಂದು ನನ್ನ ಮುಂದ ಇಟ್ಟು ಹೇಳಿದ, 'ಅಕ್ಕಾ, ಬಳ್ಳೊಳ್ಳಿ ಹಾರಂಗಿಲ್ಲ ನೋಡು' ಅಂತ."

ಬ್ರೇಕ್ ಎಲ್ಲೈತಿ?

ನುಣ್ಣಗ ಆದ್ರ ಜಾರ್ತೈತಿ, ಹಂಗಾರ ಜಾರಲಾರದ್ದು ಯಾವುದು? ರಬ್ಬರ್! ನಮ್ಮ ಓಣ್ಯಾಗ ಗಾಡಿ ರಿಪೇರಿ ಮಾಡೋ ಒಬ್ಬ ಮೆಕ್ಯಾನಿಕ್ ಅದಾನ. ಅವನ ಕಡಿಂದ ಮೋಟರ್‌ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕೋ ರಬ್ಬರ್ ತಂದೆ, ಹೊಸಾದು. ಕಟಿಗಿ ಮ್ಯಾಲ ಎಳದು ಕುಂದ್ರಿಸಿದೆ. ಅಕ್ಕಾರು ಹಿಡದು ನೋಡಿದ್ರು. ಎಣ್ಣಿ ಹಚ್ಚಿ ಹಿಡಸಿದೆ, ನೀರು ಹಾಕಿ ಹಿಡಸಿದೆ. ಇಲ್ಲ, ಒಂದಿಷ್ಟೂ ಜಾರಲಿಲ್ಲ. ಇಷ್ಟು ದಿನ ಈ ಬುದ್ಧಿ ಎಲ್ಲಿ ಹೋಗಿತ್ತು ಅಂತ ನನ್ನ ಬೆನ್ನು ನಾನ ತಟಗೊಂಡೆ.

ಶಿರಹಟ್ಟಿಯೊಳಗ ಒಂದು ಮನಿ ಪ್ರವೇಶಕ್ಕ ಆ ಚಾಕೂ ಹೋತು. ಅಕ್ಕಾರು ಬರೋ ಮುಂಚೇನ ಅಲ್ಲಿಂದ ಸುದ್ದಿ ಬಂತು. ಊಟಕ್ಕ ಕುಂತ ಒಬ್ಬ ಹಿರ್ಯಾ ಬದನಿಕಾಯಿ ಪಲ್ಯ ಬಾಯಿಗಿಟ್ಟು, ಮೂಸಿ ನೋಡಿ, ಬಡಸಾವ್ರನ್ನ ಕರದು ಕೇಳಿದ್ನಂತ, "ಯಾಕ ತಂಗಿ, ಬದನಿಕಾಯಿ ಪಂಕ್ಚರ್ ಆಗಿದ್ವೇನು?"

ಹೊಸಾ ರಬ್ಬರಿನ ವಾಸನಿ ಕೈಗೆ ಹತ್ತಿ, ಕೈಯಿಂದ ಪಲ್ಯಕ್ಕ ಹತ್ತಿತ್ತು. ನಾ ಅಕ್ಕಾರ ಮುಂದ ತಲಿ ಬಗ್ಗಿಸಿ ಕುಂತೆ.

"ವಾಸನಿ ಹೋಗ್ಲಿ ಬಿಡು" ಅಂದ್ರು ಅಕ್ಕಾರು. "ನನ್ನ ತಮ್ಮ ಗಾಡಿ ಭಾಳ ಜೋರು ಹೊಡೀತಾನ, ಹಿಂದ ಕುಂತಾಗ ನನ್ನ ಧ್ಯಾನೆಲ್ಲಾ ಬ್ರೇಕಿನ ಮ್ಯಾಲ. ಇದನ್ನ ಹಿಡದ್ರ ಹೆಚ್ಚೂದು ಬಿಟ್ಟು ಕೈ ಬ್ರೇಕ್ ಎಲ್ಲೈತಿ ಅಂತ ಹುಡುಕತೈತಿ."

ನಡುವ ಒಂದು ಸ್ಟೀಲ್ ಕೊಳವಿ ಹಿಡಿಕಿನೂ ಮಾಡಿದ್ದೆ. ಅದರ ಕಥಿ ಭಾಳಿಲ್ಲ. ಒಲಿ ಬಾಜೂಕ ಇಟ್ರಂತ, ಕಾದಿತಂತ. ಅದನ್ನ ಹಿಡದ ಮ್ಯಾಲ ಅಕ್ಕಾರು ನನಗ ಬೈದದ್ದನ್ನ ಇಲ್ಲಿ ಹೇಳಾಕ ಬರಂಗಿಲ್ಲ.

ಅಬ್ಬಾನ ಕೋಡು

ಮೂರು ಹಿಡಿಕಿ ಸೋತವು. ಮದುವಿಗೆ ಹದಿನೈದು ದಿನ ಉಳೀತು. ಅವತ್ತು ಅಟ್ಟದ ಮ್ಯಾಲಿನ ಗಂಟು ತಗದೆ.

ಅದರಾಗ ನಮ್ಮ ಅಬ್ಬಾ ಜೋಪಾನ ಮಾಡಿಟ್ಟ ಎಮ್ಮಿ ಕೋಡು ಇತ್ತು. ಅಂಥಾ ಹಿಡಿಕಿ ಈಗ ಯಾರೂ ಮಾಡಂಗಿಲ್ಲ. ಕಟಿಗಿ ಹಸಿ ಕೈಗೆ ಜಾರ್ತೈತಿ, ಕೋಡು ಹಸಿ ಕೈಗೆ ಅಂಟ್ಕೊಂತೈತಿ. ಚಳಿಗಾಲಕ್ಕ ತಂಪು ಹೊಡ್ಯಂಗಿಲ್ಲ, ಬ್ಯಾಸಿಗಿಗೆ ಸುಡಂಗಿಲ್ಲ. ಕುದಿಯೋ ನೀರಾಗ ಇಟ್ಟು ಮೆತ್ತಗ ಮಾಡಿ, ಒತ್ತಿ, ಕೊರದು, ನಾಕು ದಿನ ಅದರ ಮುಂದ ಕುಂತೆ. ಊಟದ ಖಬರ ಇರಲಿಲ್ಲ. ಕರೀ ಬಣ್ಣದಾಗ ಬೆಳ್ಳನ ಗೆರಿ ಎದ್ದು ಬಂದಾಗ ನನಗ ಅಬ್ಬಾ ಕಣ್ಣ ಮುಂದ ನಿಂತಂಗಾತು.

ಅಕ್ಕಾರು ಹಲಗಿ ಮ್ಯಾಲಿಂದ ಎತ್ತಿದ್ರು. ಕಣ್ಣು ಮುಚ್ಚಿ ಗಾಳ್ಯಾಗ ಎರಡು ಸಲ ಹೆಚ್ಚಿ ನೋಡಿದ್ರು. "ಮಿಸ್ತ್ರಿ, ಇದು ನನ್ನ ಕೈಯಾಗ ಹುಟ್ಟಿದಂಗ ಐತಿ! ಯಾವ ಕಟಿಗಿ ಇದು?"

"ಕಟಿಗಿ ಅಲ್ರೀ ಅಕ್ಕಾರ, ಎಮ್ಮಿ ಕೋಡು!" ಅಂದೆ, ಮೀಸಿ ತಿರುವಿ.

ಅಕ್ಕಾರು ಚಾಕೂನ ಸಾವಕಾಶ ಹಲಗಿ ಮ್ಯಾಲ ಇಟ್ರು. ಸೆರಗಿಗೆ ಕೈ ಒರಸಿಕೊಂಡ್ರು. "ನಮ್ಮ ಅಡಗಿ ಮನಿಗೆ ಇದು ಬರಂಗಿಲ್ಲಪಾ. ಮದುವಿ ಮನಿಯವ್ರಿಗೆ ತಿಳದ್ರ ಊಟ ಬಿಟ್ಟು ಏಳ್ತಾರ."

ಖರೇ ಹೇಳ್ತೀನಿ, ಈ ಮಾತು ನನಗ ಮೊದಲ ಹೊಳೀಬೇಕಿತ್ತು. ಹೊಳೀಲಿಲ್ಲ. ನಾಕು ದಿನದ ದಣಿವು ಬ್ಯಾರೆ, ಸಿಟ್ಟು ನೆತ್ತಿಗೇರಿತು. "ಅಲ್ರೀ ಅಕ್ಕಾರ, ಎಮ್ಮಿ ಹಾಲು ನಡೀತೈತಿ, ಮೊಸರು ನಡೀತೈತಿ, ತುಪ್ಪ ನಡೀತೈತಿ, ಕೋಡು ಯಾಕ ನಡ್ಯಂಗಿಲ್ಲ?"

ಅಕ್ಕಾರು ಸಿಟ್ಟಾಗಲಿಲ್ಲ. ನನ್ನ ಮಾರಿ ನೋಡಿ ಮೆತ್ತಗ ಕೇಳಿದ್ರು, "ಹಾಲು ಎಮ್ಮಿ ತಾನ ನಿಂತು ಕೊಟ್ಟದ್ದು, ಮಿಸ್ತ್ರಿ. ಕೋಡು ತಗೊಳ್ಳೂಮುಂದ ಅದನ್ನ ಯಾರರ ಕೇಳಿದ್ರೇನು?"

ಅಬ್ಬಾನ ಕಾಲದಾಗ ಅವರ ಜೋಡಿ ಕುಂತು ಎಷ್ಟೋ ಕೋಡು ಕೊರದೀನಿ, ಈ ಪ್ರಶ್ನೆ ನನಗ ಒಮ್ಮೆನೂ ಬಂದಿರಲಿಲ್ಲ. ಬೆಪ್ಪಾಗಿ ಕುಂತೆ.

ಒಳಗಿಂದ ನಮ್ಮಾಕಿ ಬಂದು ಅಕ್ಕಾರ ಕೈ ಹಿಡಕೊಂಡ್ಲು. "ಇವರ ಬಾಯಿ ಮುಚ್ಚಿಸಿದವ್ರು ಇಷ್ಟು ವರ್ಷದಾಗ ನೀವೊಬ್ಬರ ನೋಡ್ರಿ. ಒಳಗ ಬರ್ರಿ, ಚಾ ಕುಡದ ಹೋಗಬೇಕು."

ಹಿಟ್ಟಿನ ಅಳತಿ

ಮೊಬೈಲಿನ್ಯಾಗ ಒಂದು ವಿಡಿಯೋ ನೋಡಿದೆ. ಯಾವನೋ ಪರದೇಶದಾಂವ ಗಿರಾಕಿ ಕೈಯಾಗ ಹಸಿ ಮಣ್ಣಿನ ಮುದ್ದಿ ಕೊಟ್ಟು ಅಮುಕಸ್ತಾನ, ಬೆರಳು ಮೂಡಿದಂಗ ಹಿಡಿಕಿ ಕೊರೀತಾನ. ವಾಹ್ ರೇ ವಾಹ್! ಇಷ್ಟ ಸಸಾರ ಐತಿ, ನಾ ಯಾಕ ಗುದ್ದ್ಯಾಡಾಕತ್ತೀನಿ ಅಂದ್ಕೊಂಡೆ.

ಅಡಗಿ ಮಾಡೋ ಹೆಣ್ಮಗಳ ಕೈಗೆ ಮಣ್ಣು ಯಾಕ ಅಂತ ನಮ್ಮಾಕಿ ಕಡೆ ಜ್ವಾಳದ ಹಿಟ್ಟು ನಾದಿಸಿದೆ. ಅಲ್ಲೇ ನಾ ಕೆಟ್ಟೆ.

"ಅಕ್ಕಾರ, ಈ ಮುದ್ದಿನ್ನ ಚಾಕೂ ಹಿಡದಂಗ ಗಟ್ಟಿ ಹಿಡದು ಕುಂತಿರ್ರಿ. ನಾ ಒಳಗಿಂದ ಅಲಗು ತರ್ತೀನಿ" ಅಂತ ಹೇಳಿ ಹೋದೆ. ಬಂದು ನೋಡ್ತೀನಿ, ಹಲಗಿ ಮ್ಯಾಲ ಒಂದು ರೊಟ್ಟಿ!

"ಅಯ್ಯ, ಮರತೆ ಮಿಸ್ತ್ರಿ" ಅಂದ್ರು ಅಕ್ಕಾರು, ನಾಲಿಗಿ ಕಚ್ಚಿಕೊಂಡು.

ಮತ್ತ ಮುದ್ದಿ ಮಾಡಿ ಕೊಟ್ಟೆ. ಒಬ್ಬ ಗಿರಾಕಿ ಬಂದ, ಅವನ ಜೋಡಿ ಎರಡು ಮಾತಾಡಿ ತಿರುಗಿದೆ. ಎರಡನೇ ರೊಟ್ಟಿ!

ಮೂರನೇದಕ್ಕ ನಾ ಎಲ್ಲೂ ಹೋಗಲಿಲ್ಲ. ಅವರ ಎದುರಿಗೆ ಕುಂತು ಕಣ್ಣು ಪಿಳಕಿಸದಂಗ ಕಾಯಾಕ ಹತ್ತಿದೆ. ಅಕ್ಕಾರು ಮುದ್ದಿ ಗಟ್ಟಿ ಹಿಡದಿದ್ರು. ನಾ ಏನೋ ಕೇಳಿದೆ, ಅವರು ಮುಂಡರಗಿ ಮದುವಿ ಸುದ್ದಿ ಹೇಳಾಕ ಹತ್ತಿದ್ರು, ಬೀಗರು ಯಾರು, ಮಂದಿ ಎಷ್ಟು ಅಂತ. ಮಾತಿನಾಗ ಮುದ್ದಿ ಹಲಗಿಗೆ ಬಂತು, ಅಂಗೈ ಅದರ ಮ್ಯಾಲ ಬಂತು, ತಟ್ ತಟ್ ತಟ್ ಅಂತ ಶುರು ಆತು. "ತಡೀರಿ!" ಅಂತ ಒದರಬೇಕು ಅಂದ್ಕೊಂಡೆ. ಬಾಯಿ ಬರಲಿಲ್ಲ.

ಯಾಕಂದ್ರ ನಾ ಆ ಕೈ ನೋಡಾಕ ಹತ್ತಿದ್ದೆ. ಮೂರು ಬೆರಳು ಸೆಟದು ನಿಂತಾವು, ಅವುಗಳ ಪರಿವಿಲ್ಲ. ಅಂಗೈ ಒಂದ ತಿರುಗತೈತಿ, ಒತ್ತತೈತಿ, ಹಿಟ್ಟು ಅದರ ಹಿಂದ ತಾನ ಅಗಲ ಆಗ್ತೈತಿ. ಕೈವಾರ ಇಟ್ಟು ಎಳದ್ರೂ ಅಷ್ಟು ದುಂಡಗ ಬರಂಗಿಲ್ಲ. ಒಂದು ಅಂಚು ದಪ್ಪಿಲ್ಲ, ಒಂದು ಸೀಳಿಲ್ಲ. ನನ್ನ ಮಶೀನಿಗೆ ಆಗದ ಕೆಲಸ ಅದು. ಬೆರಳು ಹೋದ್ವು ಅಂತ ನಾ ಅಳಾಕತ್ತಿದ್ದೆ, ಅಂಗೈ ಇನ್ನೂ ಅರವತ್ತು ವರ್ಷ ದುಡಿಯೋ ಹಂಗಿತ್ತು.

"ಹಿಟ್ಟು ಕೈಗೆ ಬಂತಂದ್ರ ಕೈ ನನ್ನ ಮಾತು ಕೇಳಂಗಿಲ್ಲ" ಅಂದ್ರು ಅಕ್ಕಾರು, ನಾಚಿಕೊಂಡು. ಅಷ್ಟೊತ್ತಿಗೆ ನಮ್ಮಾಕಿ ಒಳಗ ಒಲಿ ಮ್ಯಾಲ ಹಂಚು ಇಟ್ಟಿದ್ಲು. ಅಳತಿನ್ನೆಲ್ಲಾ ಬೆಣ್ಣಿ ಹಚ್ಚಿ ತಿಂದ್ವಿ.

ತಿಂದ ಮ್ಯಾಲ ನನಗ ಬುದ್ಧಿ ಬಂತು. ಹಿಡಿಕಿ ಬೆರಳಿಗೆ ಅಲ್ಲ, ಅಂಗೈಗೆ ಬೇಕು! ಅಂಗೈ ತುಂಬಬೇಕು, ದಪ್ಪ ಇರಬೇಕು, ಬೆರಳು ಬಗ್ಗಸೂ ಕೆಲಸನ ಬ್ಯಾಡ. ಗಟ್ಟಿ ಜಾಲಿ ಕಟಿಗಿ ತಗೊಂಡು ಮಣಿಕಟ್ಟಿನಷ್ಟು ದಪ್ಪ ತಿರುವಿ, ಜಾರದಂಗ ಮ್ಯಾಲ ಗೀರು ಹೊಡದು ಕೊಟ್ಟೆ. ಐದನೇ ಹಿಡಿಕಿ. ಇನ್ನು ಇದರ ಮುಂದ ಹಿಡಿಕಿ ಇಲ್ಲ ಅನ್ನೂವಂಗ ನಿಂತೆ.

ಅಕ್ಕಾರು ಎತ್ತಿದ್ರು. ಮತ್ತ ಇಟ್ರು. ಎರಡೂ ಕೈ ಹಚ್ಚಿ ಮತ್ತೊಮ್ಮೆ ಎತ್ತಿದ್ರು.

"ಹಿಡಿಯಾಕ ಭಾಳ ಛಲೋ ಆಗೇತಿ, ಮಿಸ್ತ್ರಿ" ಅಂದ್ರು. "ಎತ್ತಾಕ ಮಾತ್ರ ಒಬ್ಬ ಆಳು ಬೇಕು."

ಮುಂಡರಗಿ ಮದುವಿ

ಮದುವಿಗೆ ಎರಡ ದಿನ ಇತ್ತು. ಅಕ್ಕಾರು ಆ ಜಾಲಿ ಹಿಡಿಕಿ ತಗಸಿ, ಬರೇ ಅಲಗು ಅರಿವ್ಯಾಗ ಸುತ್ತಿಕೊಂಡ್ರು. "ಸಾಕು ಬಿಡಪಾ. ದಪ್ಪ ಬೇಕು ಅನ್ನೂದರ ತಿಳೀತಲ್ಲ. ದೇವರು ಇಟ್ಟಂಗ ಆಗ್ಲಿ" ಅಂತ ಬಸ್ ಹತ್ತಿದ್ರು. ಆ ಎರಡು ದಿನ ನನಗ ಅನ್ನ ಇಳೀಲಿಲ್ಲ. ಎದಿ ತಟ್ಟಿ ಮಾತು ಕೊಟ್ಟಿದ್ದೆ, ಮೂವತ್ತು ವರ್ಷದ ಹಿರೇತನ ನನ್ನ ಕೈಯಾಗ ಹಾಳಾತು ಅಂತ ಒಳಗೊಳಗ ಸಣ್ಣ ಆದೆ.

ಕರೀದ ಮದುವಿಗೆ ಹೋಗಬಾರದು ಅಂತಾರ. ನಾ ಹೋದೆ. ಮುಂಜಾನೆದ್ದು ಮೊದಲನೇ ಬಸ್ಸಿಗೆ ಮುಂಡರಗಿ ಮುಟ್ಟಿ, ಕಲ್ಯಾಣಮಂಟಪದ ಹಿತ್ತಲ ಬಾಗಿಲಿಂದ ಕಳ್ಳನಂಗ ಅಡಗಿ ಕಡೆ ಹೊಕ್ಕೆ. ಮೂಲ್ಯಾಗ ಬಳ್ಳೊಳ್ಳಿ ಬುಟ್ಟಿ ಮುಂದ ಯಾರೋ ಒಬ್ಬ ಹೆಣ್ಮಗಳು ಬೆನ್ನು ತಿರುಗಿಸಿ ಕುಂತಿದ್ಲು. ನನ್ನ ಜೀವ ಝಲ್ ಅಂತು. ಆಕಿ ಈ ಕಡೆ ತಿರುಗಿದ್ಲು. ಅಕ್ಕಾರಲ್ಲ!

ಅಕ್ಕಾರು ಉಳ್ಳಾಗಡ್ಡಿ ಮೇಜಿನ ಮುಂದ ನಿಂತಿದ್ರು. ನನ್ನ ಎದಿಮಟ ರಾಶಿ. ಟಕ ಟಕ ಟಕ ಟಕ ಅಂತ ಒಂದ ಸಮ ಸಪ್ಪಳ. ಹೆಚ್ಚಿದ್ದು ಒಂದರಂಗ ಒಂದು ಬೀಳತಿತ್ತು, ಎಳಿ ಎಳಿ. ಬಾಜೂಕ ನಿಂತ ವಯಸ್ಸಿನ ಹುಡುಗ್ಯಾರು ಎರಡು ಹೆಚ್ಚೂದ್ರಾಗ ಅಕ್ಕಾರದು ಐದು ಮುಗೀತಿದ್ವು. ಕಂತ್ರಾಟದಾಂವ ಹಿಂದ ಕೈ ಕಟಗೊಂಡು ನಿಂತಿದ್ದ. ಜಾರ್ಲಿ ಅಂತ ಕಾಯಾಕತ್ತಿದ್ದನೋ, ಜಾರಬಾರದು ಅಂತ ಬೇಡಿಕೊಳ್ಳಾಕತ್ತಿದ್ದನೋ ನನಗ ತಿಳೀಲಿಲ್ಲ. ಒಮ್ಮೆ, ಒಂದ ಒಂದ್ಸಲನೂ ಜಾರಲಿಲ್ಲ. ಯಾ ಅಲ್ಲಾ! ನನ್ನ ಕಣ್ಣಾಗ ದಳದಳ ನೀರು. ಉಳ್ಳಾಗಡ್ಡಿ ಘಾಟು ಇತ್ತು ಅನ್ನೂದೊಂದು ಛಲೋ ಆತು.

ಆಮ್ಯಾಲ ಹಿಡಿಕಿ ಕಡೆ ಕಣ್ಣು ಹೋತು. ಏನಿದು? ಗೋವಿನಜ್ವಾಳದ ತೆನಿ! ಕಾಳೆಲ್ಲಾ ಬಿಡಿಸಿ ಉಳದ ಒಣಾ ದಿಂಡು. ಅಲಗಿನ ಬಾಲ ಅದರ ನಡುವಿನ ಮೆತ್ತನ್ನ ಜಾಗಾಕ್ಕ ಗುದ್ದಿ ಕುಂದ್ರಿಸಿದ್ರು. ದಪ್ಪ ಐತಿ, ಅಂಗೈ ತುಂಬ್ತೈತಿ. ಹಗರ ಐತಿ, ತೂಕ ಇಲ್ಲ. ಮೈಯೆಲ್ಲಾ ತರಿತರಿ, ಎಣ್ಣಿ ಹತ್ತಲಿ ನೀರು ಹತ್ತಲಿ, ಜಾರೂ ಮಾತಿಲ್ಲ. ನಾ ನೋಡ್ತಿದ್ದಂಗ ಅದು ಸಡಿಲಾತು. ಅಕ್ಕಾರು ಫಕ್ಕನ ಕಿತ್ತು ಒಲಿಗೆ ಒಗದ್ರು, ಚೀಲದಾಗಿಂದ ಇನ್ನೊಂದು ದಿಂಡು ತಗದು, ಗುದ್ದಿ, ಮತ್ತ ಟಕ ಟಕ ಶುರು ಮಾಡಿದ್ರು. ಸಾಗವಾನಿ, ಜಾಲಿ, ಕೋಡು ಅಂತ ನಾ ಬಡದಾಡಿ ಸತ್ತೆ. ಬೇಕಾದದ್ದು ಎಲ್ಲಾರ ಹಿತ್ತಲದಾಗ ಉರುವಲದ ಜೋಡಿ ಬಿದ್ದಿತ್ತು.

ಕಂತ್ರಾಟದಾಂವ ಕೈ ಬಿಚ್ಚಿದ. "ಅಕ್ಕಾ, ಈ ಮೇಜು ಇನ್ನ ನಿಂದ. ನಾ ಬಾಯಿ ತಗ್ಯಂಗಿಲ್ಲ" ಅಂದ. ಆಮ್ಯಾಲ ಬಗ್ಗಿ ಹಿಡಿಕಿ ನೋಡಿದ. "ಇದನ್ನ ಮಾಡಿದ ಮಿಸ್ತ್ರಿ ಯಾರು? ನಮ್ಮ ಹೆಣ್ಮಕ್ಕಳಿಗೆಲ್ಲಾ ಇಂಥಾವ ಬೇಕು."

ಅಕ್ಕಾರು ತಲಿ ಎತ್ತಿದ್ರು, ಕಂಬದ ಮರಿಗೆ ನಿಂತ ನನ್ನ ಕಂಡ್ರು. "ಅಲ್ಲೇ ನಿಂತಾನಲ್ಲ, ಬೆಟಗೇರಿ ಮಿಸ್ತ್ರಿ" ಅಂದ್ರು.

ಎಲ್ಲಾರೂ ತಿರುಗಿ ನನ್ನ ನೋಡಿದ್ರು. ಭೂಮಿ ಬಾಯಿ ಬಿಟ್ರ ಒಳಗ ಹೋಗ್ತಿದ್ದೆ. "ಅಕ್ಕಾರ, ಯಾಕ್ರೀ ಸುಳ್ಳು ಹೇಳ್ತೀರಿ? ಇದು ನಾ ಮಾಡಿದ್ದಲ್ರೀ!"

ಅಕ್ಕಾರ ಚಾಕೂ ನಿಲ್ಲಲೇ ಇಲ್ಲ.

"ಸುಳ್ಳ್ಯಾಕಪಾ?" ಅಂದ್ರು. "ಹಿಡಿಕಿ ಹೆಂಗ ಇರಬಾರದು ಅನ್ನೂದನ್ನ ಐದು ಸಲ ನೀನ ಮಾಡಿ ತೋರಿಸಿದಿ. ಇದೊಂದ ಉಳದಿತ್ತು."